ಅತ್ತೆಯ ಚರಿಗೆ, ಎದುರು ಮನೆಯ ಪಾಯಖಾನೆ

ಗುರುವಾರ, ಮೇ ೮, ೨೦೨೫

ಇದನ್ನು ಬರೆಯದೆ ಬಿಡುವವಳಿದ್ದೆ. ಪುಟ ತೆರೆದು ಬಿಸಿಲಿನ ಬಗ್ಗೆ ನಾಲ್ಕು ಸಾಲು ಗೀಚಿ ಮುಚ್ಚಿಟ್ಟಿದ್ದೆ. ಆದರೆ ನನ್ನ ದಿನಚರಿಯಲ್ಲೇ ನಾನು ನಾಚಿಕೊಂಡರೆ ಇನ್ನು ಯಾರ ಹತ್ತಿರ ಹೇಳಲಿ? ಸರಿ. ಇವತ್ತು ಬೆಳಿಗ್ಗೆ ನನ್ನ ಅತ್ತೆ ಕಳಕಮ್ಮ ತಾಮ್ರದ ಚರಿಗೆಯಲ್ಲಿ ನೀರು ತುಂಬಿಕೊಂಡು, ತಲೆ ಮೇಲೆ ಸೆರಗು ಎಳೆದುಕೊಂಡು, ಓಣಿ ದಾಟಿ ಎದುರು ಮನೆಯ ಲಾಲಬೀ ಅವರ ಪಾಯಖಾನೆಗೆ ಹೋದರು. ನಮ್ಮ ಹಿತ್ತಿಲಲ್ಲಿ ನಿನ್ನೆಯಷ್ಟೇ ಕೂಡಿಸಿದ ಹೊಚ್ಚ ಹೊಸ ಕಮೋಡ್ ಇರುವಾಗ!

ಹಾಲಿನವನು ನೋಡಿದ. ಹೂವಿನವಳು ನೋಡಿದಳು. ಮೂಲೆಯ ಮನೆಯವರು ನೋಡದಂತೆ ನಟಿಸಿ ನೋಡಿದರು.

“ಅತ್ತೀ, ಎಲ್ಲಿಗ್ರಿ?” ಎಂದೆ, ಬಾಗಿಲಿಂದಲೇ, ಸಣ್ಣ ದನಿಯಲ್ಲಿ.

“ಚರಗಿ ಹಿಡದಾಕಿನ್ನ ಎಲ್ಲಿಗಿ ಅಂತ ಕೇಳ್ತಾರೇನ ಯವ್ವಾ?” ಎಂದರು, ಇಡೀ ಓಣಿಗೆ ಕೇಳುವಂತೆ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ನಮ್ಮ ಶಾಲೆಯಲ್ಲಿ ಕಿರುಬೆರಳು ಎತ್ತಿದರೆ ಸಾಕಿತ್ತು. ಆ ಕೋಣೆಗೆ ಯಾವ ಭಾಷೆಯಲ್ಲೂ ಹೆಸರಿರಲಿಲ್ಲ. ಈಗ ನನ್ನ ಮನೆಯ ಆ ಕೋಣೆ ಓಣಿಯ ಬಾಯಲ್ಲಿದೆ.

ಶುಕ್ರವಾರ, ಮೇ ೯

ನಾನು ತಪ್ಪು ಮಾಡಿದೆನೇ? ಸಾವಧಾನವಾಗಿ ಯೋಚಿಸುತ್ತೇನೆ.

ನಮ್ಮ ಮನೆಯಲ್ಲಿ ಎರಡು ಪಾಯಖಾನೆ. ಹಿತ್ತಿಲಲ್ಲಿದ್ದದ್ದು ಕುಕ್ಕುರುಗಾಲಲ್ಲಿ ಕೂಡುವ ಹಳೆಯ ಪ್ಯಾನು. ಅದರ ಹೊಟ್ಟೆಗೆ ಪ್ರತಿ ಸಲ ಎರಡು ಬಕೆಟ್ ನೀರು. ಒಳಗಿನ ಬಚ್ಚಲಲ್ಲಿರುವುದು ಹಳೆಯ ಕಮೋಡ್, ಅದರ ಟಾಕಿ ಸದಾ ಜುಳುಜುಳು ಎನ್ನುತ್ತಲೇ ಇರುತ್ತದೆ. ಕೊಪ್ಪಳದಲ್ಲಿ, ಮೇ ತಿಂಗಳಲ್ಲಿ, ನಳ ಬಿಡುವ ದಿನ ಮದುವೆ ಮನೆಯಂತೆ ಕೊಡ, ಡ್ರಮ್ಮು, ಪಾತೇಲಿ ಸಾಲಾಗಿ ಇಡುವ ನಮ್ಮಂಥವರ ಮನೆಯಲ್ಲಿ ಇದು ಪಾಪ ಎನ್ನಿಸಿತು. ಎರಡನ್ನೂ ತೆಗೆಸಿ, ಕಡಿಮೆ ನೀರಿನವನ್ನು ಹಾಕಿಸೋಣ ಎಂದೆ. ಪ್ರಭುರಾಜ ಒಪ್ಪಿದರು. ಅವರು ನನ್ನ ಗಂಡ, ಹಿಂಡಿ ಬೂಸಾ ಅಂಗಡಿ ಇಟ್ಟವರು, ನೀರಿನ ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸೋತವರು.

ಹಿತ್ತಿಲಿನದು ಮೊದಲು ಆಯಿತು. ಪ್ಲಂಬರ್ ವಿರುಪಾಕ್ಷಿ ಅದನ್ನು ದೇವರ ಮೂರ್ತಿಯಂತೆ ಎತ್ತಿಕೊಂಡು ಬಂದ. “ಮೇಡಂ, ಎರಡು ಬಟನ್ ನೋಡ್ರಿ. ಸಣ್ಣ ಕೆಲಸಕ್ಕ ಸಣ್ಣದು, ದೊಡ್ಡದಕ್ಕ ದೊಡ್ಡದು. ಹಿಂಗ ಒತ್ತಿದ್ರ ಮೂರು ಲೀಟರ್‌ನ್ಯಾಗ ಎಲ್ಲಾ ಖುಲ್ಲಾ!” ಎಂದು ತಾನೇ ಒತ್ತಿ ತಾನೇ ಚಪ್ಪಾಳೆ ಹೊಡೆದ.

ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಬಂದು ತೀರ್ಪು ಕೊಟ್ಟರು: “ಕುರ್ಚಿ ಮ್ಯಾಲೆ ಕುಂತು ಪಂಚಾಯ್ತಿ ಮಾಡಬೇಕು. ಇದನ್ನಲ್ಲ.”

ಅವರ ಮೊಳಕಾಲಿಗೆ ಅನುಕೂಲವಾಗಲಿ ಎಂದೇ ಹಿತ್ತಿಲಿಗೂ ಕಮೋಡ್ ಆರಿಸಿದ್ದೆ. ಆದರೆ ಮೊಳಕಾಲು ನೋವು ಎಂದು ಅವರು ಯಾವತ್ತಾದರೂ ಹೇಳಿದ್ದರೇ? ನೆನಪಾಗುತ್ತಿಲ್ಲ. ಎಪ್ಪತ್ತು ದಾಟಿದ ಮೇಲೆ ಇದ್ದೇ ಇರುತ್ತದೆ ಎಂದುಕೊಂಡೆ. ಕೇಳಬಹುದಿತ್ತು. ಬೀಜದ ಕಂಪನಿಯಲ್ಲಿ ಪ್ರತಿ ಕಾಳಿನ ಮೊಳಕೆ ಪರೀಕ್ಷಿಸುವುದು ನನ್ನ ಉದ್ಯೋಗ. ಮನೆಯಲ್ಲಿ ಮಾತ್ರ ಊಹೆಯ ಮೇಲೆ ನಡೆದೆ.

ಸೋಮವಾರ, ಮೇ ೧೨

ವಿಚಿತ್ರ. ಹಿತ್ತಿಲಿನ ಕಮೋಡನ್ನು ಯಾರೂ ಬಳಸುತ್ತಿಲ್ಲ. ನಾವಿಬ್ಬರೂ ಒಳಗಿನದಕ್ಕೆ ಹೋಗುತ್ತೇವೆ, ಅತ್ತೆ ಓಣಿ ದಾಟುತ್ತಾರೆ. ಆದರೂ ಹಿತ್ತಿಲಿನ ಸಣ್ಣ ಸಿಂಟೆಕ್ಸ್‌ನಲ್ಲಿ ಸಂಜೆ ಹೊತ್ತಿಗೆ ನೀರು ಇಳಿದಿರುತ್ತದೆ. ನೀರು ಉಳಿಸಲೆಂದು ತಂದದ್ದು ತಾನೇ ಕುಡಿಯುತ್ತಿದೆಯೇ?

ವಿರುಪಾಕ್ಷಿ ಬಂದು ಒಂದು ವಾಷರ್ ಬದಲಿಸಿ, “ಹೊಸಾದು ನೋಡ್ರಿ, ಇನ್ನೂ ಮನಿಗಿ ಹೊಂದಿಕೊಂಡಿಲ್ಲ” ಎಂದ. ಹೊಸ ಸೊಸೆಯ ಬಗ್ಗೆ ಹೇಳಿದಂತೆ.

ಗುರುವಾರ, ಮೇ ೧೫

ವಾಷರ್‌ನಿಂದ ಏನೂ ಆಗಲಿಲ್ಲ. ವಿರುಪಾಕ್ಷಿ ಫೋನಿನಲ್ಲೇ ಉಪಾಯ ಹೇಳಿದ: “ಫ್ಲಶ್ ಟಾಕಿಯಾಗ ಬಣ್ಣ ಹಾಕ್ರಿ. ಯಾರೂ ಒತ್ತದ ಕೆಳಗ ಬಣ್ಣ ಬಂತಂದ್ರ ಟಾಕಿ ಸೋರಾಕ್ಹತ್ತೈತಿ ಅಂತ ತಿಳ್ಕೋರಿ.”

ಬಣ್ಣ ಎಂದರೆ ಯಾವುದು? ಕುಂಕುಮ ಹಾಕಲು ಕೈ ಬರಲಿಲ್ಲ. ಅಡುಗೆಮನೆಯಿಂದ ಅರಿಶಿನ ತಂದು ಎರಡು ಚಮಚ ಸುರಿದೆ. ಸ್ವಲ್ಪ ಕಡಿಮೆಯಾಯಿತೇನೋ ಎಂದು ಮತ್ತೊಂದು. ನಂತರ ಕೆಲಸಕ್ಕೆ ಹೋದೆ. ದಿನವಿಡೀ ಮೆಣಸಿನ ಬೀಜದ ಮೊಳಕೆ ನೋಡುತ್ತ ನನ್ನಷ್ಟಕ್ಕೆ ನಗುತ್ತಿದ್ದೆ. ನಲವತ್ತೈದು ದಾಟಿದ ಹೆಂಗಸು ಕಮೋಡಿಗೆ ಅರಿಶಿನ ಎಣ್ಣೆಯ ಶಾಸ್ತ್ರ ಮಾಡಿ ಬಂದಿದ್ದೇನೆ!

ಸಂಜೆ ಬಂದು ಚೀಲ ಸಹ ಇಳಿಸದೆ ಹಿತ್ತಿಲಿಗೆ ಓಡಿದೆ. ಕಮೋಡಿನೊಳಗೆ ನೀರು ಬಂಗಾರದ ಹಳದಿ. ಸೋರುತ್ತಿದೆ! ಸಾಬೀತಾಯಿತು. ಗೆದ್ದ ಖುಷಿಯಲ್ಲಿ ಪ್ರಭುರಾಜರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, “ಪೂಜಾ ಯಾವಾಗ?” ಎಂದರು.

ಶುಕ್ರವಾರ, ಮೇ ೧೬

ಊಟಕ್ಕೆ ಕೂತಾಗ ಅತ್ತೆ ರೊಟ್ಟಿ ಮುರಿದು ಮುರಿದು ಇಟ್ಟರು, ತಿನ್ನಲಿಲ್ಲ.

“ಲಾಲಿಗಿ ಕಾಮಾಲಿ ಆಗೇತಿ” ಎಂದರು.

“ಅಯ್ಯ, ಹೆಂಗ ಗೊತ್ತಾತ್ರಿ? ಕಣ್ಣು ಹಳದಿ ಆಗ್ಯಾವೇನು?”

“ಕಣ್ಣು ನೆಟ್ಟಗ ಅದಾವ. ಆದ್ರ… ಹೋಗೂದು ಹಳದಿ. ಭಾಳ ಹಳದಿ. ಎಷ್ಟು ನೀರು ಹಾಕಿದ್ರೂ ಹಳದಿ ಹೋಗವಲ್ದಂತ.”

ನನಗೆ ಕೆಟ್ಟೆನಿಸಿತು. ಲಾಲಬೀ ಚಾಚಿ ತುಂಬಿದ ಮೈಯ, ನಗುಮುಖದ ಹೆಂಗಸು. ಮಗ ರೆಹಮಾನ ಗಿಣಿಗೇರಾ ಫ್ಯಾಕ್ಟರಿಯ ಲಾರಿ ಓಡಿಸುತ್ತ ಹೊರಗೇ ಇರುತ್ತಾನೆ. ಹಗಲೆಲ್ಲ ಒಬ್ಬರೇ. ಈಗ ಎಣ್ಣೆ ಬಿಟ್ಟು, ಖಾರ ಬಿಟ್ಟು, ಯಾರೋ ಹೇಳಿದರೆಂದು ನೆಲನೆಲ್ಲಿಯ ರಸ ಕುಡಿಯುತ್ತಿದ್ದಾರಂತೆ. ನಾನು ಕಬ್ಬಿನ ಹಾಲು ತರಿಸಿ ಕಳಿಸಿದೆ. ಡಾಕ್ಟರಿಗೆ ತೋರಿಸಿ ಎಂದು ಹೇಳಿಯೂ ಕಳಿಸಿದೆ.

ನಮ್ಮ ಕಮೋಡಿನ ಸೋರಿಕೆಗೆ ವಿರುಪಾಕ್ಷಿ ಇನ್ನೊಂದು ವಾಷರ್ ಹಾಕಿದ್ದಾನೆ. ಪರೀಕ್ಷೆಗೆ ಮತ್ತೆ ಅರಿಶಿನ ಹಾಕಿದ್ದೇನೆ.

ಶನಿವಾರ, ಮೇ ೧೭

ನಾದಿನಿ ವಾಣಿಶ್ರೀಗೆ ಸುದ್ದಿ ಮುಟ್ಟಿದೆ. ಕುಷ್ಟಗಿಗೆ ಅದು ಹೇಗೆ ಹೋಯಿತೋ, ಹೂವಿನವಳ ಬುಟ್ಟಿಯಲ್ಲಿ ಹೋಗಿರಬೇಕು. ಮನೆತನದ ವಾಟ್ಸಾಪ್ ಗುಂಪಿನಲ್ಲಿ, ಯಲಬುರ್ಗಾದ ಬೀಗರು, ಗಂಗಾವತಿಯ ಅಳಿಯಂದಿರು ಎಲ್ಲರೂ ನೋಡುವಂತೆ ಬರೆದಿದ್ದಾಳೆ: “ನಮ್ಮವ್ವ ಈ ವಯಸ್ಸಿನ್ಯಾಗ ಚರಗಿ ಹಿಡಕೊಂಡು ಮಂದಿ ಮನಿಗಿ ಹೋಗೂ ಹಂಗ ಆತು. ವೈನಿ, ನಾಳಿ ಬಿಟ್ಟು ಬರೂ ರವಿವಾರ ಬರ್ತೀನಿ. ಅವ್ವನ್ನ ಕಾಯಂ ನಮ್ಮಲ್ಲಿಗಿ ಕರಕೊಂಡು ಹೋಗ್ತೀನಿ. ಅರಿವಿ ಚೀಲಕ್ಕ ತುಂಬಿ ಇಡ್ರಿ.”

ಕೆಳಗೆ ನಾಲ್ಕು ಜನ ಕೈ ಮುಗಿದ ಚಿತ್ರ ಹಾಕಿದ್ದಾರೆ. ಯಾರಿಗೆ ಮುಗಿದರೋ ತಿಳಿಯಲಿಲ್ಲ.

ಉತ್ತರ ಬರೆದೆ, ಅಳಿಸಿದೆ, ಇಂಗ್ಲಿಷಿನಲ್ಲಿ ಬರೆದೆ, ಇನ್ನೂ ಕೆಟ್ಟದಾಗಿ ಕಂಡಿತು, ಅಳಿಸಿದೆ. ಅತ್ತೆಗೆ ಹೇಳಿದರೆ, “ಬರಲಿ, ಆಕಿಗಿ ಸಿಹಿ ಮಾದಲಿ ಮಾಡಿದ್ರಾತು” ಎಂದು ಎದ್ದು ಹೋದರು. ಹೋಗುತ್ತಾರೋ ಇಲ್ಲವೋ ಬಾಯಿ ಬಿಡಲಿಲ್ಲ.

ಹೋದರೆ ನನಗೆ ಬೆಳಿಗ್ಗೆ ಒಂದು ಚಹಾ ಕಡಿಮೆ, ಅಷ್ಟೇ. ಅಷ್ಟೇ ಅಲ್ಲವೇ?

ರವಿವಾರ, ಮೇ ೧೮

ಬೆಳಿಗ್ಗೆ ಅತ್ತೆಯ ಹಿಂದೆಯೇ ಹೋದೆ. ಕರೆದುಕೊಂಡು ಬರೋಣ ಎಂದು. ಲಾಲಬೀ ಅವರ ಅಂಗಳದ ಕದ ಅರ್ಧ ತೆರೆದಿತ್ತು. ಅತ್ತೆ ಒಳಗೆ, ಪಾಯಖಾನೆಯಲ್ಲಿ. ಲಾಲಬೀ ಹೊರಗೆ ಒಗೆಯುವ ಕಲ್ಲಿನ ಮೇಲೆ, ಕೈಯಲ್ಲಿ ನೆಲನೆಲ್ಲಿ ರಸದ ಲೋಟ.

“ಕಳಕವ್ವಾ, ಇದು ಭಾಳ ಕಹಿ ಐತಿ ಅಲ್ಲಾ!”

ಒಳಗಿಂದ: “ಮೂಗು ಹಿಡಕೊಂಡು ಕುಡಿಲೇ!”

“ಮೂಗು ನೀ ಹಿಡಕೋ, ಒಳಗ ನೀ ಅದೀ!”

ಆಮೇಲೆ ಇಬ್ಬರೂ ನಕ್ಕರು. ಒಬ್ಬರು ಒಳಗೆ, ಒಬ್ಬರು ಹೊರಗೆ, ನಡುವೆ ತಗಡಿನ ಬಾಗಿಲು ಗಡಗಡ. ಮದುವೆಯಾಗಿ ಬಂದಾಗಿನಿಂದ ಅತ್ತೆ ಹಾಗೆ ನಕ್ಕಿದ್ದನ್ನು ನಾನು ಕೇಳಿಲ್ಲ. ಮೆಲ್ಲಗೆ ಹಿಂದಕ್ಕೆ ಬಂದೆ. ದೋಸೆ ಹುಯ್ಯುವಾಗ ಆ ಮಾತು ನೆನಪಾಗಿ ನಾನೂ ನಕ್ಕೆ, ದೋಸೆ ಸೀದಿತು.

ಬುಧವಾರ, ಮೇ ೨೧

ಒಳಗಿನ ಹಳೆಯ ಕಮೋಡನ್ನು ವಿರುಪಾಕ್ಷಿ ಕಿತ್ತ. ತೂತಿನ ಮೇಲೆ ಗೋಣಿಚೀಲ, ಚೀಲದ ಮೇಲೆ ಒಂದು ಚಪ್ಪಡಿ ಕಲ್ಲು. ಹೊಸದು ಬರುವ ತನಕ ನಾವಿಬ್ಬರೂ ಹಿತ್ತಿಲಿಗೆ.

ಸಂಜೆ ಓಣಿಯ ಹೆಂಗಸರು ಕಮೋಡ್ ನೋಡಲು ಬಂದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ವಿವರಿಸಿದವರು ಯಾರು? ಅತ್ತೆ! “ನನ್ನ ಸೊಸಿ ಆರಿಸ್ಯಾಳ. ಇದನ್ನ ಒತ್ತಿದ್ರ ಒಂದ ಸಣ್ಣ ಕೊಡ. ಇದನ್ನ ಒತ್ತಿದ್ರ ಎರಡು. ಮುಟ್ಟಬ್ಯಾಡ್ರಿ, ನೀರು ಹಾಳು.” ತಾನು ಒಮ್ಮೆಯೂ ಕೂಡದ ಆಸನವನ್ನು ಅರಮನೆಯ ಸಿಂಹಾಸನದಂತೆ ತೋರಿಸಿದರು.

ನಾನೂ ಸುಮ್ಮನಿರಲಿಲ್ಲ. ಒಳಗಿನ ಬಾಗು, ವಾಸನೆ ತಡೆಯುವ ನೀರು, ಇಳಿಜಾರು ಎಲ್ಲ ಕೈ ತಿರುಗಿಸಿ ತಿರುಗಿಸಿ ಹೇಳಿದೆ. ಇವತ್ತು ಆಫೀಸಿನಲ್ಲೂ ಮ್ಯಾನೇಜರ್ ಚಹಾ ಆರುವವರೆಗೂ ಇದೇ ಮಾತು ಕೇಳಬೇಕಾಯಿತು. ಅವರು ಕೊನೆಗೆ, “ಮೇಡಂ, ಈ ಸಲದ ಟೊಮೆಟೊ ಬೀಜದ ವರದಿ?” ಎಂದು ಕೇಳಿದಾಗ ನನಗೇ ಬೇಜಾರಾಯಿತು. ಟೊಮೆಟೊದಲ್ಲಿ ಏನಿದೆ?

ಶನಿವಾರ, ಮೇ ೨೪

ಅತ್ತೆಯ ಚೀಲ ತುಂಬಿದೆ. ತುಂಬಿದ ಮೇಲೆ ಇಳಕಲ್ ಸೀರೆ ತೆಗೆದು ಒಗೆಯಲು ಹಾಕಿದೆ. ಒಣಗದಿದ್ದರೆ ನಾಳೆ ಹೇಗೆ ಹೋಗುತ್ತಾರೆ? ಮೇ ತಿಂಗಳ ಕೊಪ್ಪಳ. ಅರ್ಧ ತಾಸಿನಲ್ಲಿ ಒಣಗಿ ಹಪ್ಪಳವಾಯಿತು.

ಎಲೆ ಅಡಿಕೆ ಸಂಚಿಯನ್ನು ಚೀಲಕ್ಕೆ ಹಾಕಲೇ ಇಲ್ಲ. ಅದಿಲ್ಲದೆ ಅವರು ಎಲ್ಲೂ ಹೋಗುವುದಿಲ್ಲ. ಮರೆತೆ ಎಂದು ಬರೆದುಕೊಳ್ಳುತ್ತೇನೆ.

ರವಿವಾರ, ಮೇ ೨೫

ನಗು ಇನ್ನೂ ನಿಂತಿಲ್ಲ. ಮೊದಲಿನಿಂದ ಬರೆಯುತ್ತೇನೆ.

ವಾಣಿಶ್ರೀ ಬೆಳಗಿನ ಬಸ್ಸಿಗೆ ಬಂದಳು. ಪ್ರಭುರಾಜ ಅಂಗಡಿಯಲ್ಲಿದ್ದರು, ನಾನೇ ಸ್ಕೂಟಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ, ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವಳು ಇಳಿದವಳೇ ನನ್ನ ಭುಜ ಹಿಡಿದಳು. ಮುಖ ಬಿಳಿಚಿಕೊಂಡಿತ್ತು.

“ವೈನಿ, ಮಾತು ಆಮ್ಯಾಲೆ. ಮೊದಲ ಮನಿ.”

“ಯಾಕ, ಏನಾತು?”

“ಕುಷ್ಟಗ್ಯಾಗ ಮಿರ್ಚಿ ಭಜಿ ತಿಂದೆ. ಬಿಸಿ ಅದಾವು ಅಂತ ಮತ್ತ ತಿಂದೆ. ಕೇಳಬ್ಯಾಡ್ರಿ. ಹೊಡೀರಿ ಗಾಡಿ!”

ಹೊಡೆದೆ. ಪ್ರತಿ ಹಂಪ್ಸಿಗೂ ಹಿಂದಿನಿಂದ “ಎಪ್ಪಾ!” “ಯವ್ವಾ!” “ಗವಿಸಿದ್ದಪ್ಪಜ್ಜಾ!” ಎಂಬ ಕೂಗು. ಮನೆ ಮುಂದೆ ಗಾಡಿ ನಿಲ್ಲುವ ಮೊದಲೇ ಜಿಗಿದಳು. ಒಳಗಿನ ಬಚ್ಚಲಿಗೆ ನುಗ್ಗಿ, ಗೋಣಿಚೀಲ ನೋಡಿ, ಚೀರಿ, ಹಿತ್ತಿಲಿಗೆ ಓಡಿದಳು. ಹಿತ್ತಿಲಿನ ಬಾಗಿಲು ಒಳಗಿಂದ ಹಾಕಿತ್ತು.

ನನಗೆ ಎಷ್ಟು ಹರ್ಷವಾಯಿತು! ಅತ್ತೆ! ಕೊನೆಗೂ ಕೂತರು! “ನೋಡು, ನಿಮ್ಮವ್ವ ಒಳಗ ಅದಾರ. ನಮ್ಮ ಮನ್ಯಾಗ!” ಎಂದೆ, ಕಣ್ಣಲ್ಲಿ ನೀರು ತಂದುಕೊಂಡು.

“ಅವ್ವಾ! ಲಗೂ ಬಾ! ನಾ ವಾಣಿ!” ಎಂದು ಅವಳು ಬಾಗಿಲು ಬಡಿದಳು.

ಒಳಗಿನಿಂದ ಗಾಬರಿಯ ದನಿ: “ಥೋಡಾ ತಡೀರಿ! ಮೊಳಕಾಲು ಏಳವಲ್ದು!”

ಅದು ಅತ್ತೆಯ ದನಿಯಲ್ಲ.

ವಾಣಿಶ್ರೀಗೆ ಯಾರ ದನಿ ಎಂದು ವಿಚಾರಿಸುವ ವ್ಯವಧಾನವಿರಲಿಲ್ಲ. ತಿರುಗಿ ಓಡಿದಳು, ಓಣಿ ದಾಟಿದಳು, ಲಾಲಬೀ ಅವರ ಅಂಗಳ ಹೊಕ್ಕು ತಗಡಿನ ಬಾಗಿಲು ಬಡಿದಳು. ಅಲ್ಲಿಂದ ಅತ್ತೆಯ ದನಿ, ರಾಣಿಯಂತೆ: “ಯಾವಾಕಿ ಅದು? ಒಳಗ ಅದೀನಿ!”

ನಾನು ನಮ್ಮ ಹೊಸ್ತಿಲಲ್ಲಿ ನಿಂತಿದ್ದೆ. ನಾದಿನಿ ಓಣಿಯ ನಟ್ಟನಡುವೆ, ರೇಷ್ಮೆ ಸೀರೆಯಲ್ಲಿ, ಒಮ್ಮೆ ಈ ಮನೆ, ಒಮ್ಮೆ ಆ ಮನೆ ನೋಡುತ್ತ, ಎರಡೂ ಕೈಯಲ್ಲಿ ನೆರಿಗೆ ಹಿಡಿದು ನಿಂತಿದ್ದಳು. ಹೂವಿನವಳು ಬುಟ್ಟಿ ಇಳಿಸಿದಳು.

ಮೊದಲು ತೆರೆದದ್ದು ನಮ್ಮ ಹಿತ್ತಿಲಿನ ಬಾಗಿಲು. ಸಣ್ಣ ಬಟನ್ ಸದ್ದು, ಸ್ವಲ್ಪ ತಡೆದು ದೊಡ್ಡ ಬಟನ್ ಸದ್ದು, ಆಮೇಲೆ ಗೋಡೆ ಹಿಡಿದುಕೊಂಡು ಲಾಲಬೀ ಚಾಚಿ ಹೊರಬಂದರು. “ಛಲೋ ಅದೀಯೇನ ವಾಣಿ?” ಎಂದು ಕೇಳುವಷ್ಟರಲ್ಲಿ ವಾಣಿ ಗಾಳಿಯಂತೆ ಒಳಗೆ ಹೋಗಿ ಚಿಲಕ ಹಾಕಿಯಾಗಿತ್ತು.

ಲಾಲಬೀ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡು ನಿಂತರು. “ಅಂಬಿಕಾ, ಸಿಟ್ಟಾಗಬ್ಯಾಡವ್ವಾ. ನನಗ ಕೆಳಗ ಕುಂತ್ರ ಏಳಾಕ ಆಗಂಗಿಲ್ಲ. ನಿಮ್ಮತ್ತಿ, ‘ನಮ್ಮ ಮನ್ಯಾಗ ಕುರ್ಚಿ ಖಾಲಿ ಬಿದ್ದೈತಿ, ಸೊಸಿ ಇಲ್ಲದಾಗ ಬಾ’ ಅಂದ್ಲು. ನಾ ಒಲ್ಲೆ ಅಂದೆ. ಕೈ ಹಿಡದು ಕರಕೊಂಡು ಬಂದ್ಲು.”

ಆಗ ನನ್ನ ತಲೆಯಲ್ಲಿ ಸಿಂಟೆಕ್ಸು, ವಾಷರು, ನಾನಿಲ್ಲದ ಮಧ್ಯಾಹ್ನಗಳು, ಹಳದಿ ಎಲ್ಲ ಒಟ್ಟಿಗೆ ಬಂದು ಕೂತವು.

“ಚಾಚಿ… ಆ ಹಳದಿ ನೀವು ಎಲ್ಲಿ ನೋಡಿದ್ರಿ?”

“ಇಲ್ಲೇ ಮತ್ತ! ಬಟನ್ ಒತ್ತೀನಿ, ಹಳದಿ. ಮತ್ತ ಒತ್ತೀನಿ, ಇನ್ನೂ ಹಳದಿ. ದವಾಖಾನ್ಯಾಗ ರಕ್ತ ನೋಡಿ ಏನೂ ಇಲ್ಲ ಅಂದ್ರು. ಡಾಕ್ಟರಿಗಿ ಏನ ಗೊತ್ತು, ನಾ ಕಣ್ಣಾರೆ ಕಂಡೀನಿ!”

“ಅದು ಅರಿಶಿನ ರೀ. ಟಾಕಿಗಿ ನಾನ ಹಾಕಿದ್ದೆ.”

ಅವರು ಮುಚ್ಚಿದ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ, “ಪಾಯಖಾನಿಗಿ ಅರಿಶಿನಾ? ಹಂಗಾರ ನಾ ಕುಡದದ್ದು? ಆ ಕಹಿ? ಒಂದು ವಾರದಿಂದ ಉಪ್ಪು ಖಾರಿಲ್ಲದ ಗಂಜಿ?” ಎನ್ನುತ್ತ ನೆಲಕ್ಕೆ ಕೂತೇಬಿಟ್ಟರು, ಏಳಲಾಗದು ಎಂಬುದನ್ನೂ ಮರೆತು, ಹೊಟ್ಟೆ ಹಿಡಿದು ನಗುತ್ತ. ನಾನೂ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಚರಿಗೆ ಹಿಡಿದು ಅತ್ತೆ ಬಂದರು. ಏನೆಂದು ಕೇಳಿದರು. ಹೇಳಲು ಇಬ್ಬರಿಗೂ ಆಗಲಿಲ್ಲ. ಬರೀ “ಅರಿಶಿನ” ಎಂದೆವು. ಅವರಿಗೆ ಅಷ್ಟು ಸಾಕಾಯಿತು.

ಬಹಳ ಹೊತ್ತಿನ ನಂತರ ವಾಣಿಶ್ರೀ ಹೊರಬಂದಳು. ಮುಖದಲ್ಲಿ ಪ್ರಸನ್ನತೆ. ಮೊದಲ ಮಾತು: “ವೈನಿ, ಇದನ್ನ ಯಾವ ಅಂಗಡ್ಯಾಗ ತಗೊಂಡ್ರಿ?”

ಆಮೇಲೆ ಬಂದ ಕಾರಣ ನೆನಪಾಗಿ ದನಿ ಏರಿಸಿದಳು. “ಅವ್ವಾ, ಸಾಕು ಈ ನಾಟಕ. ನಡಿ ನಮ್ಮನಿಗಿ. ನಮ್ಮಲ್ಲಿ ಕೆಳಗ ಕೂಡೂದು ಐತಿ, ನೀರು ಬೇಕಾದಷ್ಟು ಐತಿ. ಓಣಿ ದಾಟೂದು ಬ್ಯಾಡ.”

ನನ್ನ ನಗು ನಿಂತಿತು. ಚೀಲ ಕಟ್ಟೆಯ ಮೇಲಿತ್ತು. ನಾನೇ ತುಂಬಿದ ಚೀಲ.

ಅತ್ತೆ ಚರಿಗೆಯನ್ನು ಬೋರಲು ಹಾಕಿ, ಅದರ ಪಕ್ಕ ಕೂತರು. “ವಾಣಿ, ನಾ ಈ ಮನಿಗಿ ಸೊಸಿಯಾಗಿ ಬಂದಾಗ ಈ ಓಣ್ಯಾಗ ಒಂದೂ ಪಾಯಖಾನಿ ಇರಲಿಲ್ಲ. ಲಾಲೀನೂ ಆಗ ಹೊಸಾ ಸೊಸಿ. ಹಗಲೆಲ್ಲಾ ಅತ್ತಿ ಮುಂದ ಇಬ್ಬರೂ ಬಾಯಿ ತಗಿಯಂಗಿಲ್ಲ. ನಸಿಕಿನ್ಯಾಗ ಚರಗಿ ಹಿಡಕೊಂಡು ಹಳ್ಳದ ಕಡಿ ಹೋಗೂದು ಬರೂದು, ಅಷ್ಟ ನಮ್ಮ ಹೊತ್ತು. ಅತ್ತದ್ದೂ ಅಲ್ಲೇ, ನಕ್ಕದ್ದೂ ಅಲ್ಲೇ. ಮನ್ಯಾಗ ಕಟ್ಟಿಸಿದ್ರು, ಛಲೋ ಆತು, ಆದ್ರ ಆಕಿ ಆ ಕಡಿ ಉಳದ್ಲು, ನಾ ಈ ಕಡಿ. ಬಾಗಲದಾಗ ನಿಂತು ‘ಊಟಾತೇನ’ ಅನ್ನೂದು, ಅಷ್ಟ. ಈಗ ಸೊಸಿ ಕುರ್ಚಿ ತಂದ್ಲು, ನನಗ ನೆವ ಸಿಕ್ತು.”

“ಮಂದಿ ಏನಂತಾರ ಅವ್ವಾ?”

“ಮಂದಿಗಿ ಹೊಟ್ಟೆಕಿಚ್ಚು. ಅವರಿಗೆ ಜೋಡಿಲ್ಲ. ನಿನ್ನ ಮನ್ಯಾಗ ಎಲ್ಲಾ ಐತಿ ವಾಣಿ. ಆದ್ರ ಅಲ್ಲಿ ನಾ ಯಾರ ಜೋಡಿ ಹೋಗ್ಲಿ?”

ಲಾಲಬೀ ನೆಲದಿಂದ, “ಮೊದಲ ನನ್ನ ಎಬ್ಬಸ್ರೆ” ಎಂದರು. ಮೂವರೂ ಸೇರಿ ಎಬ್ಬಿಸಿದೆವು.

ಚೀಲವನ್ನು ನಾನೇ ಬಿಚ್ಚಿದೆ. ಮಾದಲಿಗೆ ತುಪ್ಪ ಕಡಿಮೆ ಬಿತ್ತು, ಯಾರೂ ಹೇಳಲಿಲ್ಲ. ಲಾಲಬೀ ಚಾಚಿ ಮಾತ್ರ ತಟ್ಟೆಯಲ್ಲಿ ಉಪ್ಪಿನಕಾಯಿ ಮೂರು ಸಲ ಹಾಕಿಸಿಕೊಂಡರು.

ಬುಧವಾರ, ಮೇ ೨೮

ಅತ್ತೆಗೆಂದು ಒಳಗಿನ ಬಚ್ಚಲಲ್ಲಿ ಕಡಿದಾದ ಇಳಿಜಾರಿನ ಹೊಸ ಪ್ಯಾನು ಹಾಕಿಸುವ ಯೋಚನೆ ಮಾಡಿದೆ. ಕೆಳಗೆ ಕೂಡುವುದೇ, ಆದರೆ ಒಂದು ಚರಿಗೆ ನೀರು ಹಾಕಿದರೆ ಸಾಕು. ಈ ಸಲ ಊಹಿಸಲಿಲ್ಲ, ಕೇಳಿದೆ.

“ಬ್ಯಾಡ. ಇಲ್ಲೇ ಹಾಕಿಸಿದ್ರ ನಾ ಅಲ್ಲಿಗಿ ಯಾಕ ಹೋಗ್ಲಿ? ಆಕಿ ಮನ್ಯಾಗ ಹಾಕ್ಸು. ಆಕೀದು ಹಳೇದು, ಎರಡು ಬಕೆಟ್ ಕುಡೀತೈತಿ.”

ರೆಹಮಾನನಿಗೆ ಫೋನ್ ಮಾಡಿದೆ. ಅವನು ಲಾರಿಯಿಂದಲೇ ಕೂಗಿದ: “ಆಂಟಿ, ನನ್ನ ಅಮ್ಮೀಗಿ ಕಾಮಾಲಿ ಮಾಡಿಸಿದವರು ನೀವ. ಹಾಕ್ಸ್ರಿ, ಹಾಕ್ಸ್ರಿ.” ವಿರುಪಾಕ್ಷಿ ಇವತ್ತು ಅಳತೆ ತೆಗೆದ. ನಾಳೆಯಿಂದ ಕೆಲಸ. ನಮ್ಮ ಮನೆಯ ನೀರು ಉಳಿಸುವ ಎರಡನೆಯ ಪಾಯಖಾನೆ ಎದುರು ಮನೆಯಲ್ಲಿ ಇರುತ್ತದೆ. ಒಳಗಿನ ಬಚ್ಚಲಿಗೆ ಬರಬೇಕಾದ ಕಮೋಡ್ ಮೂರನೆಯದು, ಅದು ನಮ್ಮಿಬ್ಬರಿಗೆ.

ಮನೆತನದ ಗುಂಪಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ, ಕಳಕಮ್ಮ ಕುಷ್ಟಗಿಗೆ ಬಂದರೇ ಎಂದು. ವಾಣಿಶ್ರೀ ನನಗೆ ಬೇರೆಯಾಗಿ ಬರೆದಿದ್ದಾಳೆ: “ವೈನಿ, ಏನರೆ ಬರೀರಿ, ನಾ ಓಣ್ಯಾಗ ನಿಂತಿದ್ದು ಮಾತ್ರ ಬರೀಬ್ಯಾಡ್ರಿ.” ಬರೆಯುವುದಿಲ್ಲ. ಅದು ಈ ಪುಟಕ್ಕೆ ಮಾತ್ರ. ಕೆಲಸ ಮುಗಿದ ದಿನ ಹೊಸ ಬಾಗಿಲ ಮುಂದೆ ಇಬ್ಬರನ್ನೂ ನಿಲ್ಲಿಸಿ ಒಂದು ಫೋಟೊ ತೆಗೆಯುತ್ತೇನೆ, ಚರಿಗೆಯ ಸಮೇತ. ಫೋಟೊದ ಕೆಳಗಿನ ಸಾಲಿಗೆ ಪಾಯಖಾನೆ ಎಂಬ ಪದ ಹಾಕಲೋ ಬೇಡವೋ ಎಂದು ಇಡೀ ಸಂಜೆ ಯೋಚಿಸಿ, ಹಾಕಿಯೇ ಬರೆದಿದ್ದೇನೆ:

“ಅತ್ತೆ ಎಲ್ಲಿಗೂ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಎದುರು ಮನೆಯ ಪಾಯಖಾನೆಗೆ ಹೋಗುತ್ತಾರೆ. ಬರುವುದು ತಡವಾಗುತ್ತದೆ, ಯಾರೂ ಕಾಯಬೇಡಿ.”

ಗುಂಪಿಗೆ ಹಾಕುವ ದಿನ: ರವಿವಾರ, ಜೂನ್ ೧, ೨೦೨೫.